ಒಗ್ಗಿದ್ದಲ್ಲ, ಸುಮ್ಮನಿದ್ದದ್ದು

ಕಸಿ ಮಾಡಿದ ಕಿಡ್ನಿಯನ್ನು ಮೈ ಯಾಕೆ ಬೇಡವೆನ್ನುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮನಿಗೆ ನಾನು ನಾಲ್ಕು ವರ್ಷ ಜೀಪು ಓಡಿಸಿದೆ. ನಾಗಮಂಗಲದ ಕಡೆಯವರು. ಹಳ್ಳಿ ಸುತ್ತಿ ವಾಪಸು ಬರುವಾಗ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಸುಸ್ತಾಗಿ, ಕನ್ನಡಕ ತೆಗೆದು ಮೂಗಿನ ಮೇಲೆ ಬಿದ್ದ ಗುರುತನ್ನು ಉಜ್ಜಿಕೊಳ್ಳುತ್ತಿದ್ದರು. ರಕ್ತದ ಸ್ಯಾಂಪಲ್ಲಿಗೆ ಹೋದ ಮನೆಗಳಲ್ಲೆಲ್ಲ ಅವರದು ಒಂದೇ ಮಾತು: "ಮೈಗೆ ಅದು ಒಗ್ಗಿಲ್ಲ ಕಣಪ್ಪ. ಮಾತ್ರೆಗೆ ಎದ್ರಿ ಮೈ ಸುಮ್ಕದೆ, ಅಷ್ಟೆ."

ಕ್ಯಾತನಹಳ್ಳಿಯಲ್ಲಿ ಒಬ್ಬನಿಗೆ ಅವನ ಅಕ್ಕನೇ ಕಿಡ್ನಿ ಕೊಟ್ಟಿದ್ದರು. ಚೆನ್ನಾಗಿ ಒಗ್ಗಿತಲ್ಲ ಎಂದುಕೊಂಡು ಆತ ಮಾತ್ರೆ ನಿಲ್ಲಿಸಿಬಿಟ್ಟಿದ್ದ. ನಾವು ಹೋದಾಗ ಮುಖ ಊದಿಕೊಂಡು ಜಗಲಿಯ ಮೇಲೆ ಒರಗಿದ್ದ. ಡಾಕ್ಟರಮ್ಮ ಬೈಯಲಿಲ್ಲ. ಅವನ ಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ತುಂಬಿಕೊಳ್ಳಲೆಂದು ಕಾದರು. ತುಂಬಲಿಲ್ಲ. ಆಸ್ಪತ್ರೆಗೆ ಹೊರಡಬೇಕೆಂದು ನನಗೆ ಸನ್ನೆ ಮಾಡಿದರು.

ಹಾಲು ಕರೆಯುತ್ತಿದ್ದ ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದರು. "ನಾವಿಬ್ರೂ ಒಂದೇ ಒಟ್ಟೇಲಿ ಉಟ್ಟಿರೋದು ಕಣವ್ವ. ಅವ್ನ ಮೈಗೆ ನನ್ ಗುರ್ತು ಸಿಗಾಕಿಲ್ವಾ?"

ಡಾಕ್ಟರಮ್ಮ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು.

"ಇಪ್ಪತ್ತು ವರ್ಸದಿಂದ ನಾನೂ ಅದುನ್ನೇ ಕೇಳ್ತಾ ಇವ್ನಿ. ಈ ಮೈ ಬಾಯೇ ಬುಡಾಕಿಲ್ಲ ಕಣಕ್ಕ."