ಟವೆಲಿನ ಕೆಳಗಿನ ಕೈ

ನಮ್ಮ ಕಡೆಯ ದನದ ಸಂತೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರು ದಲಾಲರು ಎದುರುಬದುರು ನಿಂತು ಕೈ ಹಿಡಿಯುತ್ತಾರೆ, ಮೇಲೊಂದು ಟವೆಲ್ ಹಾಕುತ್ತಾರೆ, ಒಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು ಅರ್ಥ, ಮೂರು ಹಿಡಿದರೆ ಇನ್ನೊಂದು. ಸುತ್ತ ನಿಂತ ಮಂದಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಆ ಮುಖದ ಮೇಲೆ ಏನೂ ಕಾಣದ ಹಾಗೆ ನಿಲ್ಲಲು ಬಂದವನೇ ದಲಾಲ.

ನಾನು ಆಳಂದದ ಸಂತೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಲ್ಲುವುದರಿಂದ ಶುರು ಮಾಡಿದವನು. ಆಮೇಲೆ ಅಫಜಲಪುರ, ಜೇವರ್ಗಿ ಸಂತೆಗಳಲ್ಲೂ ನನ್ನ ಮಾತಿಗೆ ಮಂದಿ ಕಾಯುವಂತಾಯಿತು. ಯಾರೂ ಕೈ ಹಿಡಿದು ಕಲಿಸಲಿಲ್ಲ. ನನ್ನದು ಒಂದೇ ನಿಯಮ: ಟವೆಲ್ ಬಿದ್ದ ಮೇಲೆ ನಾನಾಗಿ ಬೆರಳು ಅಲ್ಲಾಡಿಸುವುದಿಲ್ಲ. ಎದುರಿನವನು ಅಲ್ಲಾಡಿಸುವವರೆಗೆ ಸುಮ್ಮನಿರುತ್ತೇನೆ. ಸುಮ್ಮನಿರುವುದನ್ನು ಬಹಳ ಹೊತ್ತು ತಾಳುವ ಮನುಷ್ಯ ಅಪರೂಪ. ಮನೆ ಬಾಡಿಗೆ ಮಾತಾಡುವಾಗ, ಬೀಗರ ಜೊತೆ ಕೂತಾಗ ನೀವೂ ಇದನ್ನು ಮಾಡಿ ನೋಡಬಹುದು. ನಷ್ಟವಿಲ್ಲ.

ಮೂರು ವರ್ಷದ ಹಿಂದೆ ಜೇವರ್ಗಿ ಸಂತೆಯಲ್ಲಿ ಒಬ್ಬ ಹಳೆಯ ದಲಾಲನ ಕೈ ಹಿಡಿದು ನಿಂತಿದ್ದೆ. ಜೋಡಿ ಎತ್ತು ಚೆನ್ನಾಗಿದ್ದವು, ವ್ಯಾಪಾರ ನನ್ನ ಕಡೆ ವಾಲಿತ್ತು. ಟವೆಲ್ ಬಿತ್ತು. ನನ್ನ ಕೈ ನಡುಗತೊಡಗಿತು. ನಿಲ್ಲಿಸಬೇಕೆಂದು ಬಿಗಿ ಹಿಡಿದಷ್ಟೂ ಹೆಚ್ಚಾಯಿತು. ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರಿ ಜಾರುತ್ತಿತ್ತು. ಮುಖ ಮಾತ್ರ ಮಾಮೂಲಿನಂತೆಯೇ ಇತ್ತು ಎಂದು ಆಮೇಲೆ ನೋಡಿದವರು ಹೇಳಿದರು. ಆದರೆ ಕೈ ಹಿಡಿದವನಿಗೆ ಮುಖ ಯಾಕೆ ಬೇಕು? ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಧಣಿ, ಕೈ ಯಾಕ ಹಿಂಗ?"

"ಚಾ ಜಾಸ್ತಿ ಆಗ್ಯಾದ."

"ಚಾ ನಾನೂ ಕುಡದೇನಿ ಬಿಡ್ರಿ," ಅಂದ.

ಆ ದಿನ ಅವನು ಹೇಳಿದ ಬೆಲೆಗೇ ಒಪ್ಪಿದೆ. ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ಅಲ್ಲಿಂದ ಮುಂದೆ ಹೆಗಲ ಮೇಲಿನ ಟವೆಲ್ ಮುಟ್ಟಿದರೇ ಎದೆ ಡವಡವ ಎನ್ನತೊಡಗಿತು. ಸಂತೆಯ ಹಿಂದಿನ ದಿನದಿಂದ ಊಟ ಸೇರುತ್ತಿರಲಿಲ್ಲ. ಕಲಬುರಗಿಗೆ ಹೋಗಿ ಎದೆಯ ಇಸಿಜಿ ಪಟ್ಟಿ ತೆಗೆಸಿದೆ, ರಕ್ತ ಕೊಟ್ಟೆ. ಡಾಕ್ಟರ್ ಕಾಗದಗಳನ್ನು ತಿರುವಿ "ನಿಮಗ ಏನೂ ಇಲ್ಲ. ಚಿಂತಿ ಕಮ್ಮಿ ಮಾಡ್ರಿ" ಎಂದರು. ಏನೂ ಇಲ್ಲ ಅಂದರೆ ಈ ಕೈಯನ್ನು ಯಾರ ಹತ್ತಿರ ಒಯ್ಯಬೇಕು? ಏನಾದರೊಂದು ಹೆಸರು ಕೊಟ್ಟಿದ್ದರೆ ಅರ್ಧ ಸಮಾಧಾನವಾಗುತ್ತಿತ್ತು.

ಅದೇ ವರ್ಷ ಮಗಳಿಗೆ ಬಂದ ಎರಡು ಸಂಬಂಧ ಮಾತುಕತೆ ಮುಗಿದ ಮೇಲೆ ಮುರಿದುಬಿದ್ದಿದ್ದವು. ನನ್ನ ಹೆಂಡತಿ ಇದನ್ನೂ ನನ್ನ ಕೈಯನ್ನೂ ಒಂದೇ ಗಂಟಿಗೆ ಕಟ್ಟಿದಳು. "ನಿಮ್ಮ ಕೈಗಿ ಹಿಡದದ್ದೇ ಆಕಿ ಲಗ್ನಕ್ಕೂ ಹಿಡದದ. ಎಲ್ಲಿಯರ ಕೇಳಸೋಣ ನಡೀರಿ." ಹೆತ್ತವಳ ಹೆದರಿಕೆ ಅದು. ತಪ್ಪು ಅನ್ನಲಾರೆ. ನನಗೂ ಒಂದು ಕಾರಣ ಬೇಕಾಗಿತ್ತು.

ಮೊದಲು ಆಳಂದದಲ್ಲೇ ಕಾಳು ಎಣಿಸಿ ಹೇಳುವ ಒಬ್ಬ ಮುದುಕಿಯ ಹತ್ತಿರ ಹೋದೆವು. ನದರು ಆಗಿದೆ, ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದಳು. ಎಮ್ಮೆ ಹಾಲು ಕೊಡದಿದ್ದರೂ ಕೂಸು ಅತ್ತರೂ ಅದನ್ನೇ ಹೇಳುತ್ತಾಳೆಂದು ಪಕ್ಕದಲ್ಲಿ ಕೂತವರಿಂದ ತಿಳಿದು ಎದ್ದು ಬಂದೆ. ಎರಡನೆಯವನು ಮನೆಯ ಬಾಗಿಲು ತಿರುಗಿಸಬೇಕು ಎಂದ; ಅವನ ಭಾವ ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವನಿಗೆ ಇಂಥವರನ್ನು ಗುರುತಿಸುವುದು ಕಷ್ಟವಲ್ಲ. ನನಗೆ ಯಾರೂ ಮೋಸ ಮಾಡಲಾರರು ಎಂಬ ಧೈರ್ಯದಲ್ಲೇ ಮೂರನೆಯವನ ಬಾಗಿಲಿಗೆ ಹೋದೆ.

ಅವನು ಜೇವರ್ಗಿ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ದೇವರ ಹೇಳಿಕೆ ಹೇಳುತ್ತಿದ್ದ. ಕಂಬಳಿ ಹಾಸಿ ಕೂತಿದ್ದ, ಮುಂದೆ ಒಂದು ದೀಪ, ಎರಡು ನಿಂಬೆಹಣ್ಣು. ನಾವು ಕೂತೆವು. ಅವನು ಮಾತಾಡಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ಕೂತ. ನಾನೂ ಸುಮ್ಮನಿದ್ದೆ. ಹೊರಗೆ ಯಾರೋ ಸೈಕಲ್ ಮೋಟಾರು ಶುರು ಮಾಡಿ ಹೋದರು. ಅವನು ಇನ್ನೂ ಸುಮ್ಮನಿದ್ದ. ಕೈ ನಡುಗತೊಡಗಿತು. ತಡೆಯಲಾಗಲಿಲ್ಲ.

"ನಮ್ಮ ಅಕ್ಕಗೂ ಹಿಂಗೇ ಕೈ ನಡಗ್ತಾವ್ರಿ," ಅಂದೆ. "ಅಫಜಲಪುರ ಕಡೆ, ಹೊಳಿ ದಂಡಿಗಿ ಕೊಟ್ಟೇವ್ರಿ."

ಅವನು ಕಣ್ಣು ಮುಚ್ಚಿದ. ತುಸು ಹೊತ್ತಾದ ಮೇಲೆ ಹೇಳಿದ: "ಹೊಳಿ ದಂಡಿಯಿಂದ ಬಂದದ. ನಿಮ್ಮ ಮನ್ಯಾಗ ಹುಟ್ಟಿದ ಹೆಣ್ಣಮಗಳು ತಂದಾಳ. ಆಕಿಗೂ ಗೊತ್ತಿಲ್ಲ, ಆದ್ರ ತಂದಾಳ. ಆಕಿ ಹೊಸ್ತಿಲಾ ದಾಟಬಾರದು."

ನನ್ನ ಬಲಗೈಗೆ ಕರಿ ದಾರ ಕಟ್ಟಿದ. ಹೊರಗೆ ಬಂದ ಕೂಡಲೇ ಹೆಂಡತಿ ಚಪ್ಪಲಿ ಹುಡುಕುತ್ತಾ ಅಂದಳು: "ಮನಸಿನಾಗ ಇದ್ದದ್ದೇ ಹೇಳಿದ್ರು ನೋಡ್ರಿ."

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ನನ್ನ ಹೆಂಡತಿಯ ಬಾಣಂತನ ಮಾಡಿ, ಮಗಳಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದವಳೂ ಅವಳೇ. ಪ್ರತಿ ವರ್ಷ ಪಂಚಮಿಗೆ ನಾನು ಹೋಗಿ ಕರೆತರುತ್ತಿದ್ದೆ. ಆ ವರ್ಷ ಹೋಗಲಿಲ್ಲ. ಸಂತೆ ಇದೆ ಎಂದು ಫೋನಿನಲ್ಲಿ ಹೇಳಿದೆ. "ಇರ್ಲಿ ಬಿಡು, ನಾನೇ ಬರ್ತೇನಿ" ಎಂದು ಅವಳೇ ಬಸ್ಸು ಹತ್ತಿ ಬಂದುಬಿಟ್ಟಳು.

ನಾನು ಒಳಗಿನ ಕೋಣೆಯಲ್ಲಿದ್ದೆ. ಹೆಂಡತಿ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ, ನೀರಿನ ತಂಬಿಗೆ ಅಲ್ಲಿಗೇ ಒಯ್ದಳು.

"ಒಳಗ ಸುಣ್ಣಾ ಹಚ್ಚಾಕತ್ತೇವ್ರಿ ಅಕ್ಕೋರ, ಇಲ್ಲೇ ಕೂಡ್ರಿ."

"ಪಂಚಮಿ ದಿನ ಸುಣ್ಣಾ ಹಚ್ತಾರೇನ ಬೇ?"

ಹೆಂಡತಿ ತಂಬಿಗೆ ಮುಂದೆ ಸರಿಸಿದಳು. ಅಕ್ಕ ನೀರು ಕುಡಿದಳು. ತಂಬಿಗೆ ಕಟ್ಟೆಗೆ ತಾಗಿ ಕಟಕಟ ಸದ್ದಾಯಿತು. ಅವಳ ಕೈ ಅದು. ನಾನು ಬಾಗಿಲ ಹಿಂದೆ ನನ್ನ ಕೈ ಹಿಡಿದುಕೊಂಡು ನಿಂತಿದ್ದೆ. ಅಕ್ಕ ಉಂಡಿಯ ಚೀಲವನ್ನು ಅಲ್ಲೇ ಇಟ್ಟು, "ತಮ್ಮ ಸಂತಿಯಿಂದ ಬಂದ ಮ್ಯಾಲೆ ಕೊಡು" ಎಂದು ಹೇಳಿ ಎದ್ದಳು. ನನ್ನ ಚಪ್ಪಲಿ ಕಟ್ಟೆಯ ಕೆಳಗೇ ಇದ್ದವು. ಅವಳು ನೋಡಿದ್ದಾಳೆ.

ಆ ತಿಂಗಳೊಳಗೆ ಮಗಳ ಸಂಬಂಧ ಕುದುರಿತು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಅಫಜಲಪುರ ಸಂತೆಯಲ್ಲಿ ಎರಡು ವಾರ ನನ್ನ ಕೈಯೂ ನೆಟ್ಟಗಿತ್ತು. ಹೆಂಡತಿ ದಾರಕ್ಕೆ ಊದುಬತ್ತಿ ಬೆಳಗಿದಳು. ಮೂರನೆಯ ವಾರ ನಡುಕ ಮರಳಿ ಬಂತು. "ಹಾದ್ಯಾಗ ಆಕಿ ಸಿಕ್ಕಿದ್ಲೇನ್ರಿ?" ಎಂದು ಕೇಳಿದಳು. ಒಳ್ಳೆಯದಾದರೆ ಅಕ್ಕ ಬಾರದ್ದರಿಂದ, ಕೆಟ್ಟದಾದರೆ ಅಕ್ಕ ಎಲ್ಲೋ ಎದುರಾದದ್ದರಿಂದ. ಇಂಥ ಕಾರಣವನ್ನು ಒಮ್ಮೆ ಮನೆಯೊಳಗೆ ಬಿಟ್ಟುಕೊಂಡರೆ ಹೊರಗೆ ಹಾಕುವ ದಾರಿ ಇಲ್ಲ. ಹಲ್ಲು ಸರಿಯಿಲ್ಲದ ಎತ್ತನ್ನಾದರೂ ಮುಂದಿನ ಸಂತೆಗೆ ಹೊಡೆದುಕೊಂಡು ಹೋಗಬಹುದು.

ಲಗ್ನ ಯುಗಾದಿಯ ನಂತರ ಎಂದು ನಿಶ್ಚಯವಾಯಿತು. ಸೋದರತ್ತೆ ಇಲ್ಲದೆ ನಮ್ಮಲ್ಲಿ ಅರಿಶಿಣ ಹಚ್ಚುವುದಿಲ್ಲ, ಆರತಿ ಎತ್ತುವುದಿಲ್ಲ. ಮಗಳಿಗಿರುವುದು ಒಬ್ಬಳೇ ಅತ್ತೆ. ಅಕ್ಕನನ್ನು ಕರೆಯುವುದೋ ಬಿಡುವುದೋ ಎಂಬ ಮಾತನ್ನು ನಾವಿಬ್ಬರೂ ಎತ್ತದೆ ದಿನ ತಳ್ಳುತ್ತಿದ್ದೆವು. ಮಗಳು ಮಾತ್ರ ಒಂದು ಸಲ ಕೇಳಿದಳು: "ಅತ್ತಿ ಯಾವಾಗ ಬರ್ತಾಳ?" ಹೆಂಡತಿ ಹಿಟ್ಟು ನಾದುತ್ತಲೇ ಇದ್ದಳು.

ಲಗ್ನಕ್ಕೆ ಇಪ್ಪತ್ತು ದಿನ ಇರುವಾಗ ಅಫಜಲಪುರ ಸಂತೆಯಲ್ಲಿ ಒಬ್ಬ ರೈತನ ಕೈ ಹಿಡಿದೆ. ನಡುಕ ಇತ್ತು, ಆದರೆ ಅವನು ಹೊಸಬ, ಅವನ ಕೈಯೇ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ನಾನು ಸುಮ್ಮನೆ ನಿಂತೆ. ತಾಳಲಾರದೆ ಅವನೇ ನನ್ನ ಮೂರು ಬೆರಳು ಒತ್ತಿದ. ನಾನು ತಡಮಾಡಿ, ಯೋಚಿಸಿದವನ ಹಾಗೆ ಮಾಡಿ, ಅವನು ಹೇಳಿದ್ದನ್ನೇ ತಿರುಗಿಸಿ ಅವನ ಮೂರು ಬೆರಳು ಒತ್ತಿದೆ. ಅವನ ಮುಖ ಅರಳಿತು.

"ನನ್ನ ಮನಸಿನಾಗ ಇದ್ದದ್ದೇ ಹೇಳಿದ್ರಿ ನೋಡ್ರಿ," ಅಂದ.

ಈ ಮಾತನ್ನು ಎಲ್ಲಿ ಕೇಳಿದ್ದೇನೆ ಎಂದು ಹುಡುಕಬೇಕಾಗಲಿಲ್ಲ. ಜೇವರ್ಗಿಯ ಆ ಮನುಷ್ಯ ನನ್ನ ಬೆರಳನ್ನೇ ನನಗೆ ತಿರುಗಿ ಒತ್ತಿದ್ದ. ಅಕ್ಕನ ಮಾತು ತೆಗೆದವನು ನಾನು. ಕೈ ನಡುಗುತ್ತದೆ ಅಂದವನು, ಹೊಳೆ ದಂಡೆ ಅಂದವನು ನಾನೇ. ಮೂರು ತಾಲ್ಲೂಕಿನಲ್ಲಿ ಬೆರಳು ಮೊದಲು ಅಲ್ಲಾಡಿಸದವನು, ಹಾಸಿದ ಕಂಬಳಿಯ ಮುಂದೆ ಒಂದು ಗಳಿಗೆ ಸುಮ್ಮನಿರಲಾರದೆ ಅಕ್ಕನನ್ನು ಕೊಟ್ಟು ಬಂದಿದ್ದೆ. ನೀವು ಹೇಳಿಕೆ ಕೇಳಲು ಹೋಗುವವರಿದ್ದರೆ ಹೋಗಬೇಡಿ ಅನ್ನುವುದಿಲ್ಲ, ಅಂದರೂ ಕೇಳುವುದಿಲ್ಲ. ಆದರೆ ಅಲ್ಲಿ ಮನೆಯ ಒಬ್ಬರ ಹೆಸರನ್ನೂ ಎತ್ತಬೇಡಿ.

ವ್ಯಾಪಾರ ಅಲ್ಲಿಗೇ ಬಿಟ್ಟು ಸೊನ್ನದ ಕಡೆಯ ಬಸ್ಸು ಹತ್ತಿದೆ. ಅಕ್ಕನ ಊರು ಹೊಳೆಗೆ ಕಟ್ಟಿದ ಬ್ಯಾರೇಜಿನ ಹಿನ್ನೀರಿಗೆ ಹತ್ತಿರ. ಅವಳು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು, ಕೂಡು ಅನ್ನಲಿಲ್ಲ, ಒಳಗೆ ಹೋಗಿ ತಾಟು ತಂದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

"ಸುಣ್ಣಾ ಹಚ್ಚೂದು ಮುಗೀತೇನೋ ತಮ್ಮಾ?"

ನಾನು ಎಲ್ಲವನ್ನೂ ಹೇಳಿದೆ, ಹೆಸರು ಎತ್ತಿದವನು ನಾನೇ ಎಂಬುದನ್ನೂ. ಅವಳು ನನ್ನ ಕೈಯ ದಾರ ನೋಡಿದಳು.

"ಕೊಳ್ಳಾಗ ಲಿಂಗ ಕಟಗೊಂಡು ಕೈಯಾಗ ಇದನ್ನ ಕಟಗೊಂಡಿಯಲ್ಲ, ಎರಡೂ ಒಂದಕ್ಕೊಂದು ಮಾತಾಡ್ತಾವೇನು?" ಅಂದಳು. ಆಮೇಲೆ ಧ್ವನಿ ಇಳಿಸಿದಳು. "ಅಪ್ಪಗೂ ಹಿಂಗೇ ಇತ್ತು. ಮಂದಿ ಮುಂದ ಕೂತ್ರ ಕೈ ತೊಡಿ ಕೆಳಗ ಇಟಗೋತಿದ್ದ. ನಿನಗ ನೆನಪಿಲ್ಲ, ನೀ ಸಣ್ಣವ. ನಾ ದವಾಖಾನಿ ಗುಳಗಿ ತಗೋತೇನಿ. ಪೂರಾ ಹೋಗಿಲ್ಲ, ನಿದ್ದಿ ಬರ್ತದ."

"ಅಕ್ಕಾ, ಲಗ್ನಕ್ಕ ಬಾ. ನಾನೇ ಬಂದು ಕರಕೊಂಡು ಹೋಗ್ತೇನಿ."

"ನಾ ಬಂದ ಮರುದಿನ ನಿಮ್ಮ ಎಮ್ಮಿ ಪಾವು ಹಾಲು ಕಮ್ಮಿ ಕೊಟ್ರೂ ನಂದೇ ಹೆಸರು," ಅಂದಳು. "ಎಮ್ಮಿದು ಹೋಗ್ಲಿ. ಆ ಕೂಸಿನ ಬಾಳೇದಾಗ ನಾಳೆ ಏನರ ಹೆಚ್ಚುಕಮ್ಮಿ ಆತು ಅಂದ್ರ? ಅತ್ತಿ ಆರತಿ ಮಾಡಿದ್ಲು, ಅದಕ್ಕ ಹಿಂಗ ಆತು ಅಂತಾರ. ಆ ಕೂಸೂ ಅಂತದ ಒಂದಿನ. ಮೊದಲು ನಿನ್ನ ಹೇಣ್ತಿಗಿ ಖರೆ ಹೇಳು. ಆಕಿ ಕರದ್ರ ಬರ್ತೇನಿ. ಈಗ ರೊಟ್ಟಿ ತಿನ್ನು, ಆರಾಕತ್ತದ."

ಎರಡು ರೊಟ್ಟಿ ತಿಂದೆ. ಅವಳ ಎದುರಿಗೆ ಕೈ ನಡುಗಿದರೂ ಮುಚ್ಚಿಕೊಳ್ಳಲಿಲ್ಲ. ಆ ವರ್ಷ ನಾನು ನೆಮ್ಮದಿಯಾಗಿ ಉಂಡ ಊಟ ಅದೊಂದೇ.

ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದೆ. ಆ ಮನುಷ್ಯನಿಗೆ ಏನೂ ತಿಳಿದಿರಲಿಲ್ಲ, ಎಲ್ಲವನ್ನೂ ನಾನೇ ಹೇಳಿಕೊಟ್ಟೆ, ನೀನೂ ಪಕ್ಕದಲ್ಲೇ ಇದ್ದೆ, ನೆನಪು ಮಾಡಿಕೋ ಎಂದೆ. ಅವಳು ಅಷ್ಟನ್ನೂ ಕೇಳಿದಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾದ ಮಾಡಬಹುದಿತ್ತು. ಅವಳ ಕಣ್ಣಲ್ಲಿ ನೀರು ಬಂತು.

"ಆಕಿ ಮನಿಗಿ ಹೋಗಿ ಬಂದೀರಿ," ಅಂದಳು. "ಈಗ ನೀವು ಮಾತಾಡಾಕತ್ತಿಲ್ಲ. ಆಕಿ ಮಾತಾಡಸಾಕತ್ತಾಳ."

ನಾನು ಜೀವನವಿಡೀ ಚೌಕಾಸಿ ಮಾಡಿದವನು, ಸುಮ್ಮನೆ ಬಿಡಲಿಲ್ಲ. ಹೊಸ್ತಿಲು ದಾಟಬಾರದು ಅಂದಿದ್ದಾನೆ ತಾನೆ, ಲಗ್ನ ಕಲ್ಯಾಣ ಮಂಟಪದಲ್ಲಿ, ಅದು ನಮ್ಮ ಹೊಸ್ತಿಲಲ್ಲ ಎಂದೆ. "ಕೇಳ್ತೇನಿ ತಡೀರಿ" ಎಂದು ಆ ಜೇವರ್ಗಿಯವನನ್ನು ಕೇಳಲು ಫೋನು ಹಿಡಿದು ಹಿತ್ತಲಿಗೆ ಹೋದಳು. ತಿರುಗಿ ಬಂದಾಗ ಮುಖ ನೋಡಿಯೇ ತಿಳಿಯಿತು. "ಅರಿಶಿಣದ ಮ್ಯಾಲೆ ಆಕಿ ನೆಳ್ಳೂ ಬೀಳಬಾರದಂತ." ಆಮೇಲೆ, ಏನೋ ನೆನಪಾದವಳ ಹಾಗೆ, "ಅಲ್ಲಿ ಏನರ ಉಂಡ್ರೇನು?" ಎಂದು ಕೇಳಿದಳು.

"ಇಲ್ಲ," ಅಂದೆ.

ಹೌದು ಅಂದಿದ್ದರೆ ಲಗ್ನದ ತನಕ ಆ ಎರಡು ರೊಟ್ಟಿಯ ಮಾತೇ ನಡೆಯುತ್ತಿತ್ತು. ಮಗಳ ಮುಂದೆ ಅದು ಬೇಡವಾಗಿತ್ತು. ಹೀಗೆ ಲೆಕ್ಕ ಹಾಕಿಯೇ ಹೇಳಿದೆ. ದಾರವನ್ನಾದರೂ ತೆಗೆಯೋಣವೆಂದರೆ, ಲಗ್ನ ಮುಗಿಯುವವರೆಗೆ ಇರಲಿ ಎಂದು ಅವಳು ಕೈ ಮುಗಿದಳು. ಇಟ್ಟುಕೊಂಡೆ. ಅಕ್ಕನಿಗೆ ಫೋನು ಮಾಡಲಿಲ್ಲ. ಅವಳೂ ಮಾಡಲಿಲ್ಲ, ಮಗಳಿಗೆಂದು ಒಂದು ಇಳಕಲ್ ಸೀರೆಯನ್ನು ಅಫಜಲಪುರದ ಒಬ್ಬ ಪರಿಚಯದವರ ಕೈಯಲ್ಲಿ ನನಗೆ ಮುಟ್ಟಿಸಿದಳು. ನಾನೇ ಅಂಗಡಿಯಿಂದ ತಂದದ್ದು ಎಂದು ಹೇಳಿ ಮಗಳಿಗೆ ಕೊಟ್ಟೆ.

ಲಗ್ನದ ದಿನ ಮಂಟಪದ ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದೆ. ಅರಿಶಿಣವನ್ನು ಹೆಂಡತಿಯ ತಂಗಿ ಹಚ್ಚಿದ್ದಳು, ಆರತಿಗೂ ಅವಳೇ ನಿಂತಿದ್ದಳು. ಟವೆಲ್ ಇರಲಿಲ್ಲ, ಹೊಸ ಅಂಗಿ. ಜೋಡಿಸಿದ ಎರಡೂ ಕೈಗಳು ಎಲ್ಲರ ಎದುರಿಗೆ ನಡುಗಿದವು. ಮಗಳನ್ನು ಕಳಿಸುವ ಸಂಕಟ ಎಂದು ಮಂದಿ ನನ್ನ ಭುಜ ತಟ್ಟಿ ಒಳಗೆ ಹೋದರು. ಹೆಂಡತಿ ವೇದಿಕೆಯ ಮೇಲಿಂದ ನನ್ನ ಕೈ ನೋಡಿದಳು. ನೋಡಿದವಳೇ ಕೆಳಗಿಳಿದು ಬಂದು, ಕೂತ ಮಂದಿಯ ಸಾಲುಗಳಲ್ಲಿ, ಊಟದ ಪಂಕ್ತಿಯಲ್ಲಿ, ಹೊರಗೆ ಶಾಮಿಯಾನದ ಕೆಳಗೆ, ಒಂದೊಂದೇ ಮುಖ ಹುಡುಕತೊಡಗಿದಳು.

ಅಕ್ಕ ಅಲ್ಲೆಲ್ಲೂ ಇರಲಿಲ್ಲ. ಹೆಂಡತಿ ಹುಡುಕುತ್ತಲೇ ಇದ್ದಳು.