ಸಕ್ಕರೆಗೆ ಸಡಿಲಾದ ಅಂಟು

ಅಂಟಿನ ಬಾಟಲಿ ಕಂಡರೆ ಈಗಲೂ ಮೊರಬದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ನೆನಪಾಗುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿಳಿ ಅಂಟಿಗೆ ಅಕ್ಕಸಾಲಿಗರು ಬಳಸುವ ಬಿಳಿಗಾರದ, ಅಂದರೆ ಬೋರಾಕ್ಸಿನ, ನೀರು ಬೆರೆಸಿ ಕಲಕುತ್ತಿದ್ದರು. ಅದು ಗಟ್ಟಿ ಲೋಳೆಯಾಗುತ್ತಿತ್ತು. "ಅವಸರ ಬ್ಯಾಡ, ನೋಡ್ಕೋತ ಇರ್ರಿ" ಎನ್ನುವುದು ಅವರ ರೂಢಿ.

ಒಂದು ದಿನ ಅದಕ್ಕೆ ಸಕ್ಕರೆ ಪಾಕ ಸುರಿದರು. ಲೋಳೆ ಮೆಲ್ಲಗೆ ನೀರಾಯಿತು. "ಸಕ್ಕರಿ ಬಿಳಿಗಾರಾನ ಹಿಡ್ಕೊಂಡ್ತು, ಅಂಟು ಸಡಿಲಾತು" ಎಂದರು.

"ಸಕ್ಕರಿ ಎಲ್ಲಿ ಐತಿ ಅಂತ ಇದಕ್ಕ ತಿಳಿತೈತೇನ್ರಿ?" ಎಂದು ಕೇಳಿದೆ.

"ಯಾಕವಾ?"

"ನಮ್ಮವ್ವ ಬಚ್ಚಲದಾಗ ಒಂದಕ್ಕ ಹೋಗಿ ಬಂದ್ರ ಅಲ್ಲಿ ಇರಿವಿ ಮುತ್ತತಾವ್ರಿ. ಭಾಳ ಸೊರಗ್ಯಾಳ."

ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. ಅಂದೇ ಅವ್ವನನ್ನು ಬಸ್ಸಿನಲ್ಲಿ ಹುಬ್ಬಳ್ಳಿಯ ಡಾಕ್ಟರ ಬಳಿ ಕರೆದೊಯ್ದರು. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿತ್ತು. ಸೂಜಿಮದ್ದು ಶುರುವಾಯಿತು, ಅವ್ವ ಉಳಿದಳು.

ಆಮೇಲೆ ಕೈಮುಗಿಯಲು ಬಂದ ಅವ್ವನಿಗೆ ಅಕ್ಕೋರು ಹೇಳಿದ್ದಿಷ್ಟೆ: "ನನಗ್ಯಾಕ್ರಿ? ಕೇಳಿದಾಕಿ ನಿಮ್ಮ ಮಗಳು."