ಕೆಂಪು ರಿಬ್ಬನ್ನಿನ ಜೊಂಡು

ಆಕೆಯನ್ನು ಎಲ್ಲರೂ ಥೂ ಅಕ್ಕ ಎನ್ನುತ್ತಾರೆ. ದೊಡ್ಡ ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ಕಸ ಹೆಕ್ಕುವುದು ಅವಳ ಕೆಲಸ. ಕಸಕ್ಕೊಂದು ‘ಥೂ’ ಎನ್ನುವುದು ಸಂಬಳವಿಲ್ಲದ ಓವರ್‌ಟೈಮ್. ಪಕ್ಷಿವೀಕ್ಷಣೆಗೆ ಬಂದವರು ಭಕ್ಷಣೆ ಮುಗಿಸಿ, ಚಿಪ್ಸ್ ಪೊಟ್ಟಣವನ್ನು ಜೊಂಡಿನೊಳಗೆ ತುರುಕಿ, ಎಣ್ಣೆಗೈಯನ್ನು ಹಕ್ಕಿಚಿತ್ರದ ಫಲಕಕ್ಕೆ ಒರೆಸಿ ಹೋಗುತ್ತಾರೆ. ವೀಕ್ಷಣಾ ಗೋಪುರದ ಮೂಲೆಯಲ್ಲಿ ಇನ್ನೇನು ಮಾಡಿ ಹೋಗುತ್ತಾರೆಂಬುದನ್ನು, ಊಟ ಮಾಡುತ್ತ ಓದುವವರಿದ್ದಾರೆಂದು ಬಿಟ್ಟುಬಿಡೋಣ.

ಹಕ್ಕಿಗಳ ಗೊಡವೆ ಅವಳಿಗಿರಲಿಲ್ಲ. ಎಲ್ಲವೂ ಮೇಲಿನಿಂದ ಗಲೀಜು ಮಾಡುವವೇ. ಆದರೆ ಗುಳುಮುಳುಕ ಎಂಬ ಪುಟ್ಟ ನೀರುಹಕ್ಕಿಯನ್ನು ಮಾತ್ರ ಮೆಚ್ಚಿದ್ದಳು. ಜೊಂಡಿನ ನಡುವೆ ತೇಲುವ ಗೂಡು ಬಿಟ್ಟು ಹೊರಡುವಾಗ ಅದು ಮೊಟ್ಟೆಗಳ ಮೇಲೆ ಒದ್ದೆ ಕಳೆ ಎಳೆದು ಮುಚ್ಚುತ್ತದೆ.

“ನೋಡ್ರೀ, ಹಾಲಿನ ಪಾತ್ರೆ ಮುಚ್ಚಿಟ್ಟು ಹೋಗೋ ಹೆಂಗಸು ಇದು. ನಿಮ್ಮ ತಂಗಿಗೂ ಸ್ವಲ್ಪ ಕಲಿಸಲಿ.”

ಗಂಡ ಅದೇ ಕೆರೆಯಲ್ಲಿ ಯಂತ್ರದಿಂದ ಜೊಂಡು ಕೊಯ್ಯುವವನು. “ನನ್ನ ತಂಗಿ ಸುದ್ದಿ ಬಿಡು. ಗೂಡು ಎಲ್ಲಿದೆ ತೋರಿಸು. ನಾನು ಮಿಷನ್ ಹೊಡೆದ್ರೆ ಹಾಲೂ ಇಲ್ಲ, ಪಾತ್ರೆನೂ ಇಲ್ಲ.”

ಗುರುತಿಗೆಂದು ಗೂಡಿನ ಪಕ್ಕದ ಜೊಂಡಿಗೆ ಅವಳು ಕೆಂಪು ರಿಬ್ಬನ್ ಕಟ್ಟಿದಳು. ರಿಬ್ಬನ್ ಕಂಡಲ್ಲಿ ಕೊಯ್ಯಬಾರದು ಎಂಬುದು ಗಂಡಹೆಂಡಿರ ಕಟ್ಟಳೆ. ಗೂಡಿನತ್ತ ಯಂತ್ರ ಹೋಗಲಿಲ್ಲ. ಕ್ಯಾಮೆರಾ ಹೋಯಿತು.

ಹಕ್ಕಿಗಳ ಫೋಟೋ ತೆಗೆಯಲು ಬರುವವರಿಗೆ ರಿಬ್ಬನ್ನಿನ ಗುಟ್ಟು ತಿಳಿದುಬಿಟ್ಟಿತ್ತು. ಅವರ ಮುಖಂಡ ಒಬ್ಬ ದಂತವೈದ್ಯ. ಗೂಡು ಚೆನ್ನಾಗಿ ಕಾಣಲೆಂದು ಸುತ್ತಲಿನ ಜೊಂಡನ್ನೆಲ್ಲ ಹಲ್ಲು ಕಿತ್ತಂತೆ ಬುಡಸಮೇತ ಕಿತ್ತ. ಹಕ್ಕಿ ಗಾಬರಿಯಿಂದ ನೀರಿಗೆ ಮುಳುಗಿದಾಗ ದಂಡೆಯ ಮೇಲಿನ ದಂಡು ಪಟಪಟನೆ ಕ್ಲಿಕ್ಕಿಸಿತು. ಮುಚ್ಚದೆ ಉಳಿದ ಮೊಟ್ಟೆಗಳನ್ನು ಕಾಗೆಗಳು ಒಡೆದು ತಿನ್ನುವಾಗಲೂ ಕ್ಲಿಕ್ಕಿಸಿತು.

“ಆಹಾ, ಎಂಥ ಬೆಳಕು!” ಎಂದ ದಂತವೈದ್ಯ.

ಅಂದು ಥೂ ಅಕ್ಕನ ಬಾಯಿಂದ ‘ಥೂ’ ಕೂಡ ಹೊರಡಲಿಲ್ಲ. ದಾರಿ ತೋರಿಸಿದ್ದು ಅವಳದೇ ರಿಬ್ಬನ್.

ಜೋಡಿ ಹಕ್ಕಿಗಳು ಆಚೆ ಮೂಲೆಯಲ್ಲಿ ಮತ್ತೆ ಗೂಡು ಕಟ್ಟಿದವು. ಈಗ ರಿಬ್ಬನ್ ಕಟ್ಟಿದರೆ ಕ್ಯಾಮೆರಾ, ಕಟ್ಟದಿದ್ದರೆ ಗಂಡ.

“ರೀ, ಇನ್ಮೇಲೆ ಉಲ್ಟಾ. ರಿಬ್ಬನ್ ಇದ್ದಲ್ಲಿ ಕೊಯ್ಯಿರಿ, ಇಲ್ಲದಲ್ಲಿ ಬಿಡಿ.”

“ಕೆರೆ ತುಂಬಾ ಕಟ್ತೀಯಾ? ಯಾರ ಮದುವೆನೇ?”

“ನಿಮ್ಮದಲ್ಲ, ಆಸೆ ಇಟ್ಕೋಬೇಡಿ. ಮರೆತು ಹಳೇ ಲೆಕ್ಕದಲ್ಲಿ ಹೊಡೆದ್ರೋ, ತಂಗಿ ಮನೆಗೇ ಊಟಕ್ಕೆ ಹೋಗಿ.”

ಹೊಸ ಗೂಡಿನ ಮೂಲೆಯೊಂದನ್ನು ಬಿಟ್ಟು ಕೆರೆ ತುಂಬಾ ರಿಬ್ಬನ್ ಕಟ್ಟಿ, ಎಲ್ಲಕ್ಕಿಂತ ಚೆಂದದ್ದನ್ನು ಅವಳು ಶೌಚಾಲಯದ ಮೋರಿ ಕೆರೆಗೆ ಸೇರುವ ಕಡೆ ಕಟ್ಟಿದಳು. ಮರುದಿನ ಬೆಳಗ್ಗೆ ದಂತವೈದ್ಯನೂ ಸಂಗಡಿಗರೂ ಎಲೆಬಣ್ಣದ ಅಂಗಿ ತೊಟ್ಟು, ಆ ಕಪ್ಪು ಕೊಚ್ಚೆಯಲ್ಲಿ ಹೊಟ್ಟೆ ಊರಿ ಮಲಗಿದ್ದರು. ಮೂಗಿನ ಮುಂದೆ ತೇಲಬಾರದ್ದೆಲ್ಲ ತೇಲುತ್ತಿತ್ತು.

“ಡಾಕ್ಟ್ರೇ, ವಾಸನೆ...”

“ಶ್! ಹಕ್ಕಿ ಹೆದರುತ್ತೆ.”

ಗುರುಗುಟ್ಟುತ್ತ ಯಂತ್ರ ಬಂತು. ದಂತವೈದ್ಯ ಎದ್ದ, ಜಾರಿದ, ಮತ್ತೆ ಕೊಚ್ಚೆಯಲ್ಲೇ ಕುಳಿತ. “ಏಯ್! ರಿಬ್ಬನ್ ಕಾಣಲ್ವೇನಯ್ಯಾ?”

“ಕಂಡಿದ್ದಕ್ಕೇ ಬಂದೆ ಸಾರ್. ರಿಬ್ಬನ್ ಇದ್ದಲ್ಲೇ ಕೊಯ್ಯಬೇಕಂತೆ. ಮೇಲಿನವರ ಆರ್ಡರ್.”

ಮೇಲಿನವರು ಏರಿಯ ಮೇಲೆ ಕಸದ ಚೀಲ ಹಿಡಿದು ನಿಂತಿದ್ದರು.

“ಅಕ್ಕಾ, ತೊಳ್ಕೊಳ್ಳೋಕೆ ನೀರಿದೆಯಾ?” ದಂತವೈದ್ಯ ಕೂಗಿದ.

“ಕೆರೆ ತುಂಬಾ ಇದೆಯಲ್ಲ ಸಾರ್.”

ಅವನು ಜೇಬಿನಿಂದ ಕಾಗದದ ಕರವಸ್ತ್ರ ತೆಗೆದು ಗಡ್ಡ ಒರೆಸಿಕೊಂಡ. ಒರೆಸಿದ್ದನ್ನು ಉಂಡೆ ಮಾಡಿ ಜೊಂಡಿಗೆ ಎಸೆದ.

“ಥೂ!” ಅದನ್ನು ಕಡ್ಡಿಯಿಂದ ಚುಚ್ಚಿ ಅವಳು ಚೀಲಕ್ಕೆ ಹಾಕಿಕೊಂಡಳು.

ಆಮೇಲೊಂದು ಬೆಳಗ್ಗೆ ಗಂಡ ಆಚೆ ಮೂಲೆಯತ್ತ ಬೆರಳು ತೋರಿ ಪಿಸುಗುಟ್ಟಿದ: “ಲೇ, ಮರಿ ಕಣೇ! ಅಮ್ಮನ ಬೆನ್ನ ಮೇಲೆ ಕೂತು ಹೋಗ್ತಿವೆ!”

ಅವಳು ಆ ಕಡೆ ಬೆನ್ನು ಮಾಡಿ ಕಸ ಹೆಕ್ಕುತ್ತಲೇ ಇದ್ದಳು. ಗೋಪುರದ ಮೇಲೆ ಯಾರೋ ದುರ್ಬೀನು ಹಿಡಿದು ಇವರನ್ನೇ ನೋಡುತ್ತಿದ್ದರು.

“ಬೆರಳು ಇಳಿಸ್ರೀ. ನೀವೂ ನೋಡಬೇಡಿ.”